ಕರಡು ಮಹಾಯೋಜನೆಗೆ ಆಕ್ಷೇಪಣೆ ಬರೆಯುವ ಬಗೆ

ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರವು ಕರಡು ಮಹಾಯೋಜನೆಯನ್ನು (ಯಾವ ಜಾಗ ವಸತಿಗೆ, ಯಾವುದು ವ್ಯಾಪಾರಕ್ಕೆ ಎಂದು ವಲಯಗಳಾಗಿ ಗುರುತಿಸುವ ಮಾಸ್ಟರ್ ಪ್ಲಾನ್) ಪ್ರಕಟಿಸಿದಾಗ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಸಾರ್ವಜನಿಕರು 60 ದಿನಗಳೊಳಗೆ ಲಿಖಿತ ಅಭಿಪ್ರಾಯ ಸಲ್ಲಿಸಬಹುದು. ಮೊದಲು ನಕ್ಷೆಯಲ್ಲಿ ನಿಮ್ಮ ಬೀದಿ ಯಾವ ವಲಯದಲ್ಲಿದೆಯೆಂದು ನೋಡಿಕೊಳ್ಳಿ. ಬಳಿಕ ಅಳತೆ ಟೇಪು ಹಿಡಿದು, ಸಾಧ್ಯವಾದರೆ ಜುಲೈ ಮಳೆಯಲ್ಲೇ, ಆ ಬೀದಿಯುದ್ದಕ್ಕೂ ನಡೆಯಿರಿ; ಚರಂಡಿಯ ಚಪ್ಪಡಿ ಎಲ್ಲಿ ಕುಸಿದಿದೆ, ಟ್ರಾನ್ಸ್‌ಫಾರ್ಮರ್ ಎಲ್ಲಿ ದಾರಿಗಡ್ಡವಾಗಿದೆ, ಕೊಡೆ ಹಿಡಿದ ಇಬ್ಬರು ಎದುರಾದರೆ ಒಬ್ಬರು ಎಲ್ಲಿ ರಸ್ತೆಗಿಳಿಯಬೇಕಾಗುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲವು ಅಡೆತಡೆಯಿಲ್ಲದೆ ಇರಬೇಕು. ಪತ್ರದಲ್ಲಿ ಸಿಟ್ಟು ಬೇಡ, ಅಳತೆಗಳಿರಲಿ. ಹಾಲು, ದಿನಸಿ, ಔಷಧಿಗೆ ಸ್ಕೂಟರ್ ಹತ್ತಬೇಕಾದ ಬಡಾವಣೆಯಾದರೆ, ವಸತಿ ವಲಯದಲ್ಲೇ ಸಣ್ಣ ಅಂಗಡಿಗಳಿಗೆ ಅವಕಾಶ ಕೋರಿ. ಸರ್ವೆ ನಂಬರ್ ನಮೂದಿಸಿ. ಸ್ವೀಕೃತಿ ಮುದ್ರೆ ಪಡೆಯದೆ ಕಚೇರಿಯಿಂದ ಹಿಂದಿರುಗಬೇಡಿ.