ಕಾಲು ಹಾಳೆಯ ಹಿಮ್ಮಾಹಿತಿ: ನನ್ನ ಅನುಭವ

ಸೆಮಿಸ್ಟರಿನ ಕೊನೆಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕಡತಕ್ಕೆಂದು ವಿದ್ಯಾರ್ಥಿಗಳಿಂದ ತುಂಬಿಸಿಕೊಳ್ಳುವ ಐದು ಅಂಕಗಳ ನಮೂನೆಯಲ್ಲಿ ನನಗೆ ಪ್ರತಿವರ್ಷವೂ ಸರಾಸರಿ ನಾಲ್ಕರ ಮೇಲೆಯೇ ಬರುತ್ತಿತ್ತು. ಅಷ್ಟು ಅಂಕ ಕೊಟ್ಟ ಬಿ.ಕಾಂ. ವಿದ್ಯಾರ್ಥಿಗಳೇ ಪರೀಕ್ಷೆಯಲ್ಲಿ ಪ್ರಾಸೆಸ್ ಕಾಸ್ಟಿಂಗ್ (ತಯಾರಿಕೆಯ ಪ್ರತಿ ಹಂತದ ಖರ್ಚು ಕಂಡುಹಿಡಿಯುವ) ಲೆಕ್ಕವನ್ನು ಮುಟ್ಟದೆ ಎದ್ದು ಬರುತ್ತಿದ್ದರು. ಅಧ್ಯಾಯದ ನಡುವೆಯೇ ಹಿಮ್ಮಾಹಿತಿ ಕೇಳುತ್ತೇನೆಂದಾಗ, ಉಡುಪಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ "ಕೋಲು ಕೊಟ್ಟು ಪೆಟ್ಟು ತಿನ್ನುತ್ತೀರಿ ಮಾರಾಯ್ರೆ" ಎಂದವರೇ ಹೆಚ್ಚು.

ಮೊದಲಿಗೆ ಗೂಗಲ್ ಫಾರ್ಮ್ ಕಳುಹಿಸಿದೆ. ಅರುವತ್ತರ ತರಗತಿಯಲ್ಲಿ ಹದಿನೈದರಷ್ಟು ಮಂದಿ ತುಂಬಿದರು, ಎಲ್ಲರದ್ದೂ "ಗುಡ್ ಸರ್". ಇಮೇಲ್ ವಿಳಾಸ ನನಗೆ ಕಾಣುತ್ತದೆಯೆಂಬ ಸಂಶಯ ಅವರಿಗಿತ್ತು. ಬಳಿಕ ಬಡಗಿಯಿಂದ ಮಾಡಿಸಿದ ಸಲಹಾ ಪೆಟ್ಟಿಗೆಗೆ ಸುಮಾರು ಎಂಟುನೂರು ರೂಪಾಯಿ ನನ್ನ ಕಿಸೆಯಿಂದಲೇ ಹೋಯಿತು. ಅದರಲ್ಲಿ ಸಿಕ್ಕಿದ್ದು ಕ್ಯಾಂಟೀನಿನ ದೂರುಗಳು ಮತ್ತು ಹಳೆಯ ಬಸ್ ಟಿಕೆಟ್‌ಗಳು. ವಿದ್ಯಾರ್ಥಿಗಳು ಗುಂಡಿ ಒತ್ತಿ ಉತ್ತರಿಸುವ ಕ್ಲಿಕ್ಕರ್ ಸೆಟ್ಟಿನ ದರ ವಿಚಾರಿಸಿ ಅಲ್ಲಿಗೇ ಬಿಟ್ಟೆ.

ಕೊನೆಗೆ ಫಲ ಕೊಟ್ಟದ್ದು ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದ ಚೀಟಿ. ತರಗತಿಗೆ ಹದಿನೈದು ಹಾಳೆ ಸಾಕು. ಮುನ್ನೂರು ಚಿಲ್ಲರೆ ರೂಪಾಯಿಯ ಒಂದು ರಿಮ್ ವಾರಕ್ಕೊಮ್ಮೆಯಂತೆ ವರ್ಷವಿಡೀ ಬರುತ್ತದೆ. ಪಾಠ ಹೇಗಿತ್ತೆಂದು ಕೇಳುವುದಿಲ್ಲ. "ಇಂದಿನ ಲೆಕ್ಕದಲ್ಲಿ ಯಾವ ಸಾಲಿನ ಅನಂತರ ಅರ್ಥವಾಗಲಿಲ್ಲ?" ಎಂಬುದೊಂದೇ ಪ್ರಶ್ನೆ. ಹೆಸರು ಬೇಡ. ಗಂಟೆ ಬಾರಿಸುವುದಕ್ಕೆ ಐದು ನಿಮಿಷ ಮೊದಲೇ ನಾನು ಹೊರಗೆ ಹೋಗುತ್ತೇನೆ, ತರಗತಿಯ ಪ್ರತಿನಿಧಿ ಚೀಟಿ ಸಂಗ್ರಹಿಸುತ್ತಾರೆ. ಸಂಜೆಯ ಅವಧಿಯಲ್ಲಿ ಇದು ನಡೆಯದು. ಹೆಬ್ರಿ, ಕಾರ್ಕಳದ ಕಡೆಯವರ ಮನಸ್ಸು ಆಗಲೇ ಬಸ್ ಸ್ಟ್ಯಾಂಡಿನಲ್ಲಿರುತ್ತದೆ.

ಕೂಡಿಸಿ ಕಳೆಯುವುದೇ ಅವರಿಗೆ ಕಷ್ಟವೆಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. ಚೀಟಿಗಳು ಬೇರೆಯೇ ಹೇಳಿದವು: ನಾರ್ಮಲ್ ಲಾಸಿಗೆ (ತಯಾರಿಕೆಯಲ್ಲಿ ಆಗಿಯೇ ಆಗುವ ನಷ್ಟ) ಬೆಲೆ ಕಟ್ಟದೆ ಅಬ್‌ನಾರ್ಮಲ್ ಲಾಸಿಗೆ (ಅದಕ್ಕಿಂತ ಹೆಚ್ಚಾದ ನಷ್ಟ) ಮಾತ್ರ ಏಕೆ ಕಟ್ಟುತ್ತೇವೆಂಬುದು ಅರ್ಧಕ್ಕಿಂತ ಹೆಚ್ಚು ಮಂದಿಗೆ ಗೊತ್ತಿರಲಿಲ್ಲ. ಮರುದಿನ ಪಠ್ಯದ ರಾಸಾಯನಿಕ ಕಾರ್ಖಾನೆಯನ್ನು ಬದಿಗಿಟ್ಟು, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಸಾವಿರ ಹಂಚಿಗೆ 9,000 ರೂಪಾಯಿ ಖರ್ಚು. ಸುಡುವಾಗ ನೂರು ಒಡೆಯುವುದು ರೂಢಿ, ಒಡೆದ ಚೂರಿಗೆ ಬೆಲೆಯಿಲ್ಲ. ಆ ನೂರರ ಖರ್ಚನ್ನೂ ಉಳಿದ 900 ಹಂಚುಗಳೇ ಹೊರುವುದರಿಂದ ಒಂದಕ್ಕೆ ಹತ್ತು ರೂಪಾಯಿ ಬೀಳುತ್ತದೆ. ಇನ್ನೂ ಐವತ್ತು ಒಡೆದರೆ ಆ 500 ರೂಪಾಯಿಯನ್ನು ಹಂಚಿನ ಮೇಲೆ ಹೇರದೆ ಕಾಸ್ಟಿಂಗ್ ಲಾಭ-ನಷ್ಟ ಖಾತೆಗೆ ಒಯ್ಯಬೇಕು. ಆ ದಿನದ ಚೀಟಿಗಳಲ್ಲಿ ಬಹುಪಾಲು ಖಾಲಿಯಿದ್ದವು. ಅಷ್ಟು ಸಂತೋಷ ನನಗೆ ಯಾವ ಸರಾಸರಿಯಿಂದಲೂ ಆಗಿರಲಿಲ್ಲ.

ಚೀಟಿಯಲ್ಲಿ ಕೇಳಿದ್ದರಲ್ಲಿ ಏನನ್ನು ಬದಲಿಸಿದೆ, ಏನನ್ನು ಬದಲಿಸಲಾರೆ ಎಂಬುದನ್ನು ಮುಂದಿನ ತರಗತಿಯ ಆರಂಭದಲ್ಲೇ ಹೇಳಬೇಕು. ಪಠ್ಯ ಮುಗಿಯಬೇಕಾದ್ದರಿಂದ ಎಲ್ಲ ಕಡೆ ವೇಗ ತಗ್ಗಿಸಲಾಗದೆಂದು ನೇರವಾಗಿ ಹೇಳಿದ ಮೇಲೆಯೇ ಚೀಟಿಗಳು ಉದ್ದವಾದವು. ತುಳುವಿನಲ್ಲಿಯೂ ಬರೆಯಬಹುದೆಂದು ಒಮ್ಮೆ ಪ್ರಯತ್ನಿಸಿದೆ. ಹಿಂದಿನ ಬೆಂಚಿನವರು ಕನ್ನಡ ಲಿಪಿಯಲ್ಲಿ ಪುಟ ತುಂಬಿಸಿದರು, ಕುಂದಾಪುರದ ಕಡೆಯವರು ತಮ್ಮ ಕನ್ನಡಕ್ಕೂ ಅವಕಾಶ ಕೇಳಿದರು. ಎಲ್ಲರ ಮುಂದೆ ಓದಲು ಚೀಟಿಗಳನ್ನು ಹೇಗೆ ಆರಿಸುತ್ತೇನೆಂಬುದನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಹಿಂದೆ ಮೂವರಲ್ಲಿ ಒಬ್ಬರು ಕೈಹಾಕುತ್ತಿದ್ದ ಲೆಕ್ಕಕ್ಕೆ ಕಳೆದ ಬಾರಿ ಸುಮಾರು ಮುಕ್ಕಾಲು ಪಾಲು ಮಂದಿ ಕೈಹಾಕಿದರು. ಕೋಲಿನ ಮಾತಾಡಿದವರಲ್ಲಿ ಇಬ್ಬರು ಈಗ ನನ್ನ ರಿಮ್ಮಿನಿಂದಲೇ ಹಾಳೆ ಒಯ್ಯುತ್ತಾರೆ. ಚೀಟಿಗಳನ್ನೂ ಕಡತಕ್ಕೆ ಸೇರಿಸಬೇಕೆಂಬ ಬೇಡಿಕೆ ಬಂದಾಗ ನಾನು ಒಪ್ಪಲಿಲ್ಲ. ಮಾಡಿದ ಬದಲಾವಣೆಗಳ ಒಂದು ಪುಟದ ಪಟ್ಟಿಯನ್ನಷ್ಟೇ ಕೊಟ್ಟೆ.