ಕಿಡ್ನಿ ರಿಪೋರ್ಟ್ ಕೈಗೆ ಬಂದ ದಿನವೇ ಪಾದ ನೋಡಿಕೊಳ್ಳಿ

ನಮ್ಮ ದೊಡ್ಡಪ್ಪನದು ಶ್ರೀನಿವಾಸಪುರದ ಕಡೆ ಮಾವಿನ ತೋಟ. ಶುಗರ್ ಬಂದು ಹದಿನೈದು ವರ್ಷ ದಾಟಿತ್ತು. ಒಂದು ಸಂಜೆ ತೋಟದಿಂದ ಬಂದು ಪಡಸಾಲೆಯಲ್ಲಿ ನಡೆದು ಹೋದರು. ಹಿಂದೆ ನೆಲದ ಮೇಲೆ ಸಾಲಾಗಿ ರಕ್ತದ ಗುರುತು. "ಏನ್ರೀ ಇದು, ಕಾಲಿಗೆ ಏನಾಯ್ತು?" ಅಂತ ದೊಡ್ಡಮ್ಮ ಕೂಗಿದಾಗಲೇ ಅವರಿಗೆ ಗೊತ್ತಾಗಿದ್ದು. ಜಾಲಿ ಮುಳ್ಳು ಹವಾಯಿ ಚಪ್ಪಲಿ ದಾಟಿ ಅಂಗಾಲಿಗೆ ಇಳಿದಿತ್ತು. ಅವರಿಗೆ ನೋವೇ ಆಗಿರಲಿಲ್ಲ.

ಅದಕ್ಕೂ ಮೂರು ವಾರ ಮೊದಲು ಅವರ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಷ) ಜಾಸ್ತಿ ಬಂದಿತ್ತು. ಆ ರಿಪೋರ್ಟ್ ಪ್ಲಾಸ್ಟಿಕ್ ಕವರಿನಲ್ಲಿ ಬೀರು ಸೇರಿತ್ತು. ಕಿಡ್ನಿಗೂ ಕಾಲಿಗೂ ಏನು ಸಂಬಂಧ ಅಂತ ನಮ್ಮಲ್ಲಿ ಯಾರೂ ಯೋಚಿಸಲಿಲ್ಲ. ಆ ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಒಂದು ಬೆರಳು ಹೋಯಿತು.

ಸಂಬಂಧ ಇದೆ, ಬಹಳ ಹತ್ತಿರದ್ದೇ ಇದೆ. ವರ್ಷಗಟ್ಟಲೆ ಏರಿದ ಸಕ್ಕರೆ ಕಣ್ಣು, ಕಿಡ್ನಿ, ನರ ಮೂರರ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಹಾಗಾಗಿ ಕಿಡ್ನಿ ಸೋತಿದೆ ಅಂದರೆ ಕಾಲಿನ ನರವೂ ಸೋತಿರುವ ಸಂಭವ ಜಾಸ್ತಿ. ಅಷ್ಟಕ್ಕೇ ನಿಲ್ಲುವುದಿಲ್ಲ. ಕಿಡ್ನಿ ಸೋಸದೆ ಬಿಟ್ಟ ಕಲ್ಮಷ ನರಗಳನ್ನು ಇನ್ನಷ್ಟು ಮಂಕು ಮಾಡುತ್ತದೆ. ರಕ್ತನಾಳಗಳ ಗೋಡೆಯಲ್ಲಿ ಸುಣ್ಣದ ಅಂಶ ಕೂತು ಕಾಲಿಗೆ ರಕ್ತ ಸರಿಯಾಗಿ ಇಳಿಯುವುದಿಲ್ಲ. ಚರ್ಮ ಒಣಗಿ ಕೆರೆತ ಬರುತ್ತದೆ, ಹಿಮ್ಮಡಿ ಬಿರಿಯುತ್ತದೆ. ಕಾಲು ಊದಿ ನಿನ್ನೆ ಸರಿಯಾಗಿದ್ದ ಚಪ್ಪಲಿ ಇವತ್ತು ಕಚ್ಚುತ್ತದೆ. ರಕ್ತಹೀನತೆ ಬರುತ್ತದೆ, ಸೋಂಕು ತಡೆಯುವ ಶಕ್ತಿಯೂ ಇಳಿಯುತ್ತದೆ. ಗಾಯ ಆಗಲು ಕಾರಣ ಹೆಚ್ಚು, ಮಾಯಲು ಬಲ ಕಡಿಮೆ.

ಮೊದಲು ರಿಪೋರ್ಟ್ ಹುಡುಕಿ

ಎರಡು ಪರೀಕ್ಷೆ ಆಗಿದೆಯಾ ನೋಡಿ. ಒಂದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ. ಇದು 30 (ಮಿ.ಗ್ರಾಂ/ಗ್ರಾಂ) ದಾಟಿದರೆ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆ ಎಂದು ಸಂಶಯ. ಒಂದೇ ಸಲದಲ್ಲಿ ತೀರ್ಮಾನ ಮಾಡುವುದಿಲ್ಲ, ಮತ್ತೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಇನ್ನೊಂದು, ರಕ್ತದ ಕ್ರಿಯಾಟಿನಿನ್ ನೋಡಿ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು. ಇದು 3 ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ.

"ಕ್ರಿಯಾಟಿನಿನ್ ನಾರ್ಮಲ್ ಇದೆ, ಬಿಡಿ" ಅಂತ ಸುಮ್ನೆ ಕೂರಬೇಡಿ. ರಕ್ತದಲ್ಲಿ ವ್ಯತ್ಯಾಸ ಕಾಣುವುದಕ್ಕೆ ಎಷ್ಟೋ ಮುಂಚೆ ಮೂತ್ರದಲ್ಲಿ ಆಲ್ಬುಮಿನ್ ಸೋರಲು ಶುರುವಾಗಿರಬಹುದು. ದೊಡ್ಡವರಿಗೆ ಬರುವ ಟೈಪ್ 2 ಶುಗರ್ ಇದ್ದವರು ಕಾಯಿಲೆ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ ಮಾಡಿಸಬೇಕು.

ಮನೆಯಲ್ಲೇ ಮುಟ್ಟಿ ನೋಡುವ ಪರೀಕ್ಷೆ

ಇದಕ್ಕೆ ಖರ್ಚಿಲ್ಲ. ಶುಗರ್ ಇರುವವರು ಕಾಲು ಚಾಚಿ, ಕಣ್ಣು ಮುಚ್ಚಿ ಮಲಗಲಿ. ಮನೆಯವರು ತೋರುಬೆರಳಿನಿಂದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಎರಡೂ ಪಾದ ಸೇರಿ ಆರು ಜಾಗ. ಮುಟ್ಟಿದ್ದು ಗೊತ್ತಾದಾಗ "ಎಡ", "ಬಲ" ಅಂತ ಹೇಳಲಿ. ಎರಡು ಅಥವಾ ಅದಕ್ಕಿಂತ ಹೆಚ್ಚು ಜಾಗದಲ್ಲಿ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದೇ ತಿಳಿಯಿರಿ.

ಆಮೇಲೆ ಡಾಕ್ಟರ ಹತ್ತಿರ ಹೋಗಿ. ಅವರು 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ, ಪಾದದ ನಾಡಿ ಮುಟ್ಟಿ ನೋಡುತ್ತಾರೆ. ಕೆಲವರಿಗೆ ಕಣಕಾಲಿನ ಹತ್ತಿರ ಬಿ.ಪಿ. ಅಳೆದು ಕೈಯ ಬಿ.ಪಿ.ಗೆ ಹೋಲಿಸುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ. ಕಿಡ್ನಿ ಕಾಯಿಲೆ ಇದ್ದವರ ರಕ್ತನಾಳ ಗಟ್ಟಿಯಾಗಿರುವುದರಿಂದ ಈ ಲೆಕ್ಕ ಕೆಲವೊಮ್ಮೆ ಸುಳ್ಳಾಗಿ ಚೆನ್ನಾಗಿ ಬರುತ್ತದೆ. "ಕಾಲ್ಬೆರಳಿನ ಬಿ.ಪಿ.ಯನ್ನೂ ನೋಡಬೇಕಾ ಸಾರ್?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?

ಸ್ಪರ್ಶ, ರಕ್ತ ಸಂಚಾರ ಎರಡೂ ಸರಿ ಇದ್ದರೆ ವರ್ಷಕ್ಕೊಮ್ಮೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಇಲ್ಲವೇ ಒಂದು ಕೆಟ್ಟು ಪಾದದ ಆಕಾರವೂ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಸ್ಪರ್ಶ ಅಥವಾ ರಕ್ತ ಸಂಚಾರ ಕೆಟ್ಟವರಿಗೆ ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆದಿದ್ದರೆ, ಇಲ್ಲವೇ ಕಿಡ್ನಿ ಪೂರ್ತಿ ಸೋತಿದ್ದರೆ 1ರಿಂದ 3 ತಿಂಗಳಿಗೊಮ್ಮೆ. ಅಂದರೆ ಡಯಾಲಿಸಿಸ್‌ನಲ್ಲಿ ಇರುವವರು ಇದುವರೆಗೆ ಒಂದು ಹುಣ್ಣೂ ಆಗದಿದ್ದರೂ ಅತಿ ಹೆಚ್ಚು ಅಪಾಯದ ಗುಂಪಿಗೆ ಸೇರಬಹುದು.

ದಿನಾ ರಾತ್ರಿ ಐದು ನಿಮಿಷ

ಊಟ ಆದ ಮೇಲೆ ಒಳ್ಳೆ ಬೆಳಕಿನಲ್ಲಿ ಕೂತು ಪಾದ ನೋಡಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಶುಗರ್‌ನಿಂದ ಕಣ್ಣೂ ಮಂಜಾಗಿರಬಹುದು, ಆದ್ದರಿಂದ ಮಗಳೋ ಸೊಸೆಯೋ ಮೊಮ್ಮಗನೋ ನೋಡಿದರೆ ಇನ್ನೂ ಒಳ್ಳೆಯದು. ಬೆರಳ ಸಂದಿ, ಹಿಮ್ಮಡಿ, ಉಗುರಿನ ಅಂಚು ಬಿಡಬೇಡಿ. ಕೆಂಪು, ಗುಳ್ಳೆ, ಬಿರುಕು, ಹೊಸ ಊತ ಇದೆಯಾ ಅಂತ ಹುಡುಕಿ.

ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಬಿಸಿ ನೋಡುವುದು ಕಾಲಿನಿಂದಲ್ಲ, ಮೊಣಕೈಯಿಂದ. ಒರೆಸಿ, ಬೆರಳ ಸಂದಿಯನ್ನು ಪೂರ್ತಿ ಒಣಗಿಸಿ. ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದಿಗೆ ಮಾತ್ರ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಅಂಗಡಿಯ ಆಣಿ ಪಟ್ಟಿಯನ್ನೂ ಅಂಟಿಸಬೇಡಿ.

ಬರಿಗಾಲು ಬೇಡವೇ ಬೇಡ, ಮನೆಯೊಳಗೂ ಬೇಡ. ನಮ್ಮ ಕಡೆ ಟೊಮೆಟೊ ತೋಟದಲ್ಲಿ ಕಡ್ಡಿ ತುಂಡು, ಕಟ್ಟುವ ತಂತಿ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಕೊಟ್ಟಿಗೆಯಲ್ಲಿ ಸಗಣಿ ನೀರು. ತೆಳು ಹವಾಯಿ ಚಪ್ಪಲಿ ಸಾಲದು. ಒಳಗೆ ಮೆತ್ತಗಿರುವ, ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ ಕೇಳಿ ತನ್ನಿ. ಸಂಜೆ ಹೋಗಿ ಕೊಳ್ಳಿ, ಕಾಲು ಊದಿರುವ ಹೊತ್ತಿನಲ್ಲಿ ಸರಿಯಾದ ಅಳತೆ ಸಿಗುತ್ತದೆ. ಹಾಕುವ ಮುಂಚೆ ಒಳಗೆ ಕೈ ಆಡಿಸಿ.

ದೇವಸ್ಥಾನಕ್ಕೆ ಹೋಗುವುದನ್ನು ಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಕೋಟಿಲಿಂಗೇಶ್ವರಕ್ಕೋ ಅಂತರಗಂಗೆಗೋ ಹೋಗುವುದಿದ್ದರೆ ಬೆಳಗ್ಗೆ ಬೇಗ ಹೋಗಿ, ದಪ್ಪ ಹತ್ತಿ ಸಾಕ್ಸ್ ಹಾಕಿಕೊಳ್ಳಿ. ಏಪ್ರಿಲ್ ಬಿಸಿಲಿಗೆ ಕಾದ ಕಲ್ಲು ಅಂಗಾಲು ಸುಟ್ಟರೂ ಜೋಮು ಹಿಡಿದ ಕಾಲಿಗೆ ಗೊತ್ತಾಗುವುದಿಲ್ಲ.

ನೋವಿನ ಮಾತ್ರೆ ವಿಷಯ

ಕಾಲು ಉರಿ, ಸೆಳೆತ ಅಂತ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಿಸಿ ನುಂಗುವವರು ನಮ್ಮೂರಿನಲ್ಲಿ ಬಹಳ. ದಯವಿಟ್ಟು ನಿಲ್ಲಿಸಿ. ಕುಗ್ಗಿರುವ ಕಿಡ್ನಿಗೆ ಇವು ನೇರ ಪೆಟ್ಟು. ನರದ ಉರಿಗೆ ಬೇರೆ ಔಷಧಿಗಳಿವೆ, ಅದನ್ನೂ ಕಿಡ್ನಿ ನೋಡಿ ಪ್ರಮಾಣ ಇಳಿಸಿ ಡಾಕ್ಟರೇ ಕೊಡಬೇಕು.

ಡಯಾಲಿಸಿಸ್‌ಗೆ ಹೋಗುವವರು

2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಲ್ಲಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುತ್ತದೆ. ಅಲ್ಲಿ ಸುಮಾರು 4 ಗಂಟೆ ಮಲಗಿರುವಾಗ ಹಿಮ್ಮಡಿ ಒಂದೇ ಕಡೆ ಒತ್ತಿ ಹುಣ್ಣಾಗಬಹುದು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿಕೊಳ್ಳಿ. ಸಾಕ್ಸ್ ತೆಗೆದು "ಸಿಸ್ಟರ್, ಸ್ವಲ್ಪ ಕಾಲು ನೋಡಿ" ಅಂತ ಕೇಳಿ. ಸಂಕೋಚ ಬೇಡ.

ಗಾಯ ಆಗೇಬಿಟ್ಟರೆ

ನೋವಿಲ್ಲ ಅಂತ ಕಾಯಬೇಡಿ. ಅವತ್ತೇ, ತಪ್ಪಿದರೆ ಮಾರನೇ ದಿನವೇ ತೋರಿಸಿ. ಶುದ್ಧ ನೀರಿನಲ್ಲಿ ತೊಳೆದು ಒಣ ಬಟ್ಟೆ ಕಟ್ಟಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಆ ಕಾಲಿನ ಮೇಲೆ ಭಾರ ಹಾಕಬೇಡಿ. ಹುಣ್ಣು ಮಾಯಲು ಔಷಧಿಯಷ್ಟೇ ಮುಖ್ಯ ಅದರ ಮೇಲೆ ನಡೆಯದಿರುವುದು. ಜ್ವರ, ಕೀವು, ವಾಸನೆ, ಕಪ್ಪು ಬಣ್ಣ ಕಂಡರೆ ರಾತ್ರಿಯಾದರೂ ಹೊರಡಿ. ಗಾಯವೇ ಇಲ್ಲದೆ ಒಂದು ಪಾದ ಕೆಂಪಾಗಿ, ಬಿಸಿಯಾಗಿ ಊದಿದ್ದರೂ ತಡ ಮಾಡಬೇಡಿ, ಒಳಗೆ ಮೂಳೆ ಕುಸಿಯುತ್ತಿರಬಹುದು.

ಹೋಗುವಾಗ ಕಿಡ್ನಿ ರಿಪೋರ್ಟನ್ನು ಬೀರುವಿನಿಂದ ತೆಗೆದು ಜೊತೆಗೆ ಒಯ್ಯಿರಿ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್ ತರಹದ ಇಂಜೆಕ್ಷನ್‌ಗಳು, ರಕ್ತನಾಳದ ಸ್ಕ್ಯಾನಿಗೆ ಕೊಡುವ ಡೈ ಕಿಡ್ನಿಗೆ ತೊಂದರೆ ಮಾಡಬಹುದು. ಚೀಟಿ ಬರೆಯಲು ಶುರು ಮಾಡುವ ಮುಂಚೆಯೇ ರಿಪೋರ್ಟ್ ಮೇಜಿನ ಮೇಲಿಟ್ಟು ಹೇಳಿ: "ಕಿಡ್ನಿ ತೊಂದರೆನೂ ಇದೆ, ಸಾರ್."