ಚೆರಿ ಎಂದರೆ ಹಸಿ ಹಣ್ಣಲ್ಲ: ಏಜೆಂಟ್‌ನ ಟೂಲ್‌ಗೆ ವಿವರಣೆ ಬರೆಯುವುದು ಹೇಗೆ

ಚಿಕ್ಕಮಗಳೂರಿನ ಕಾಫಿ ತೋಟದವರಿಗಾಗಿ ಒಂದು ಎಐ ಏಜೆಂಟ್ ಮಾಡಿದ್ದೆ. ದರ ಕೇಳಿದರೆ ಹೇಳಬೇಕು, ಮಳೆ ಲೆಕ್ಕ ಇಡಬೇಕು, ಅಷ್ಟೇ. ಮೊದಲ ವಾರವೇ ಎಡವಟ್ಟಾಯಿತು. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು "ರೋಬಸ್ಟಾ ಚೆರಿ ರೇಟ್ ಎಷ್ಟು?" ಅಂತ ಕೇಳಿದರು. ದರ ತಂದುಕೊಡುವ ಟೂಲ್ (ಏಜೆಂಟ್ ಕರೆದು ಬಳಸುವ ಚಿಕ್ಕ ಪ್ರೋಗ್ರಾಮ್) 9800 ಅಂತ ಸರಿಯಾಗಿಯೇ ಕೊಟ್ಟಿತ್ತು. ಏಜೆಂಟ್ ಅದನ್ನು ಕ್ವಿಂಟಲ್ ದರ ಅಂದುಕೊಂಡು ಕೆಜಿಗೆ 98 ರೂಪಾಯಿ ಎಂದುಬಿಟ್ಟಿತು. ನಮ್ಮಲ್ಲಿ ಕಾಫಿ ದರ ಅಂದರೆ 50 ಕೆಜಿ ಚೀಲದ ದರ ಅಲ್ವಾ, ಅಂದರೆ ಕೆಜಿಗೆ 196. ಅವರು ಆ 98ನ್ನೇ ನಂಬಿ ಮಾರಿದ್ದರೆ ಏನು ಗತಿ ಅಂತ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೋಡ್‌ನಲ್ಲಿ ತಪ್ಪಿರಲಿಲ್ಲ. ಟೂಲ್‌ಗೆ ವಿವರಣೆ ಅಂತ ನಾನು ಬರೆದಿದ್ದು ಎರಡೇ ಪದ: "ಕಾಫಿ ದರ". ಏಜೆಂಟ್‌ನ ಒಳಗಿರುವ ಎಐ ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ (ಟೂಲ್‌ಗೆ ಕೊಡಬೇಕಾದ ಮಾಹಿತಿಗಳ) ಪಟ್ಟಿ, ಆಮೇಲೆ ಟೂಲ್ ವಾಪಸ್ ಕೊಟ್ಟ ಉತ್ತರ. ನೀವು ಎಂಸಿಪಿ (ಟೂಲ್‌ಗಳನ್ನು ಎಐಗೆ ಜೋಡಿಸುವ ಒಂದು ಪದ್ಧತಿ) ಸರ್ವರ್ ಬರೆದರೂ ಅಷ್ಟೇ, ಮಾಡೆಲ್ ಅನ್ನು ಕೋಡ್‌ನಿಂದ ಕರೆಯುವ ಎಪಿಐಯನ್ನು ನೇರವಾಗಿ ಬಳಸಿದರೂ ಅಷ್ಟೇ. ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ ಅದಕ್ಕೆ ಗೊತ್ತಿರುವುದಿಲ್ಲ. ಅವನ್ನೇ ಮೊದಲು ಬರೆಯಿರಿ.

ಈಗ ನನ್ನ ವಿವರಣೆ ಹೀಗಿದೆ:

"ಚಿಕ್ಕಮಗಳೂರು ಮಾರುಕಟ್ಟೆಯ ಒಂದು ದಿನದ ಕಾಫಿ ದರ ಕೊಡುತ್ತದೆ. ದರ ರೂಪಾಯಿಯಲ್ಲಿ, 50 ಕೆಜಿ ಚೀಲಕ್ಕೆ. ಚೆರಿ ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಹಸಿ ಹಣ್ಣಲ್ಲ. ಪಾರ್ಚ್‌ಮೆಂಟ್ ಎಂದರೆ ಪಲ್ಪ್ ಮಾಡಿ ತೊಳೆದು ಒಣಗಿಸಿದ್ದು. ಅರೇಬಿಕಾವೋ ರೋಬಸ್ಟಾವೋ ಹೇಳದಿದ್ದರೆ ಊಹಿಸಬೇಡ, ಕೇಳು. ಆ ದಿನದ ದರ ಇಲ್ಲದಿದ್ದರೆ ಹಿಂದಿನ ದರ ಅದರ ತಾರೀಕಿನ ಜೊತೆ ಬರುತ್ತದೆ, ಆ ತಾರೀಕನ್ನೂ ತಿಳಿಸು. ಕಾಳುಮೆಣಸಿನ ದರಕ್ಕೆ ಇದನ್ನು ಬಳಸಬೇಡ."

ಉದ್ದ ಅನಿಸಬಹುದು. ಇರಲಿ. ಇದರಲ್ಲಿ ಒಂದು ವಾಕ್ಯವೂ ಸುಮ್ನೆ ಬಂದಿಲ್ಲ. ಚೆರಿಯ ಮಾತನ್ನೇ ತಗೊಳ್ಳಿ: ಹೊರಗಿನ ಕಾಫಿ ಬರಹಗಳಲ್ಲಿ ಚೆರಿ ಅಂದರೆ ಗಿಡದಿಂದ ಕಿತ್ತ ಹಣ್ಣು, ಮಾಡೆಲ್ ಓದಿಕೊಂಡಿರುವುದೂ ಜಾಸ್ತಿ ಅಂಥದ್ದನ್ನೇ. ನಮ್ಮ ತೋಟದವರ ಚೆರಿ ಕಣದಲ್ಲಿ ಒಣಗಿದ್ದು. ಟೂಲ್ ಏನು ಮಾಡುತ್ತದೆ ಅನ್ನುವಷ್ಟೇ ಮುಖ್ಯ, ಯಾವಾಗ ಅದನ್ನು ಮುಟ್ಟಬಾರದು ಅನ್ನುವುದು.

ಪ್ಯಾರಾಮೀಟರ್‌ಗೆ "ಬಗೆ" ಅಂತ ಹೆಸರಿಟ್ಟು ಏನು ಬೇಕಾದರೂ ತುಂಬಲು ಬಿಡಬೇಡಿ. ಇರುವುದೇ ನಾಲ್ಕು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಈ ನಾಲ್ಕನ್ನೇ ಈನಮ್ ಆಗಿ, ಅಂದರೆ ಇವುಗಳಲ್ಲೇ ಒಂದನ್ನು ಆರಿಸಬೇಕಾದ ಪಟ್ಟಿಯಾಗಿ ಕೊಡಿ. ಜನ ಎಪಿ (ಅರೇಬಿಕಾ ಪಾರ್ಚ್‌ಮೆಂಟ್), ಆರ್‌ಸಿ (ರೋಬಸ್ಟಾ ಚೆರಿ) ಅಂತ ಚುಟುಕಾಗಿ ಕೇಳುತ್ತಾರೆ, ಅದನ್ನೂ ಅಲ್ಲೇ ಬಿಡಿಸಿ ಹೇಳಿ. ತಾರೀಕಿಗೆ 2025-04-05 ಅಂತ ಮಾದರಿ ಕೊಟ್ಟು, ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂತ ಬರೆಯಿರಿ. ಇಲ್ಲದಿದ್ದರೆ ಏಪ್ರಿಲ್ 5 ಹೋಗಿ ಮೇ 4 ಆಗುತ್ತದೆ.

ಮಳೆಯದ್ದು ಇನ್ನೊಂದು ಕಥೆ. ತೋಟದವರು "ನಿನ್ನೆ 1 ಇಂಚು 20 ಸೆಂಟ್ ಬಿತ್ತು" ಅನ್ನುತ್ತಾರೆ. ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಹಾಗಾಗಿ ಅದು 1.20 ಇಂಚು, ಸುಮಾರು 30 ಮಿಲಿಮೀಟರ್. ಟೂಲ್ ಬರೀ 1.2 ಅಂತ ವಾಪಸ್ ಕೊಟ್ಟರೆ ಏಜೆಂಟ್ ಅದನ್ನು ಮಿಲಿಮೀಟರ್ ಅಂದುಕೊಂಡು "ಹೂ ಮಳೆ ಸಾಲದು, ಸ್ಪ್ರಿಂಕ್ಲರ್ ಹಾಕಿ" ಅಂದೀತು. ಅಳತೆಯನ್ನು ವಿವರಣೆಯಲ್ಲಿ ಬರೆದರೆ ಸಾಲದು, ಉತ್ತರದ ಫೀಲ್ಡ್ ಹೆಸರಿನಲ್ಲೇ "ಮಳೆ_ಇಂಚು" ಅಂತ ಸೇರಿಸಿ.

ಒಂದೇ ತರಹ ಕಾಣುವ ಎರಡು ಟೂಲ್ ಇದ್ದರೆ ಒಂದರ ವಿವರಣೆಯಲ್ಲಿ ಇನ್ನೊಂದರ ಹೆಸರು ಹೇಳಿ. ನನ್ನ ಹತ್ತಿರ ಬಿದ್ದ ಮಳೆಯ ದಾಖಲೆಗೆ ಒಂದು, ಮುನ್ಸೂಚನೆಗೆ ಒಂದು ಇದೆ. "ಮಳೆ ಹೇಗಿದೆ?" ಅಂದಾಗ ಏಜೆಂಟ್ ತಡವರಿಸುತ್ತಿತ್ತು. "ಮುಂದಿನ ದಿನಗಳ ಮಳೆಗೆ ಮುನ್ಸೂಚನೆ ಟೂಲ್ ಬಳಸು" ಅಂತ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಎರರ್ ಬಂದಾಗಲೂ ಬರೀ 400 ಅನ್ನುವ ಎರರ್ ಕೋಡ್ ಕೊಡಬೇಡಿ, "ತಾರೀಕು ಮುಂದಿನ ದಿನದ್ದು, ಇವತ್ತಿನದು ಅಥವಾ ಹಿಂದಿನದು ಕೊಡು" ಅಂತ ದಾರಿ ತೋರಿಸಿ. ಏಜೆಂಟ್ ತಾನೇ ತಿದ್ದಿಕೊಂಡು ಮತ್ತೆ ಕರೆಯುತ್ತದೆ.

ಆಮೇಲೆ, ಪರೀಕ್ಷೆಗೆ ನೀವೇ ಪ್ರಶ್ನೆ ಕಟ್ಟಬೇಡಿ, ಅವು ತೀರಾ ಚೊಕ್ಕಟವಾಗಿರುತ್ತವೆ. ತೋಟದವರು ಕೇಳಿದ ಮಾತನ್ನೇ ಒಂದಕ್ಷರ ತಿದ್ದದೆ ಬರೆದಿಟ್ಟುಕೊಳ್ಳಿ. ವಿವರಣೆಯಲ್ಲಿ ಒಂದು ಪದ ಬದಲಿಸಿದರೂ ಅಷ್ಟನ್ನೂ ಮತ್ತೆ ಓಡಿಸಿ, ಯಾವ ಟೂಲ್ ಕರೆಯಿತು, ಅದಕ್ಕೆ ಏನು ಕೊಟ್ಟಿತು ಅಂತ ಲಾಗ್‌ನಲ್ಲಿ ನೋಡಿ. ನನ್ನ ಪಟ್ಟಿಯಲ್ಲಿ ಮೊದಲನೆಯದು ಆ ರೋಬಸ್ಟಾ ಚೆರಿ ಪ್ರಶ್ನೆಯೇ.